ಎತ್ತು ಏರಿಗೆ, ಕೋಣ ನೀರಿಗೆ: ಮಿಷನ್‌ನಲ್ಲಿ ಹೊಸ ಕಂಪ್ಯಾನಿಯನ್ ಬಂದಾಗ

ಮಾರ್ಮನ್ ಮಿಷನರಿಗಳ ಮನೆಗೆ ಟ್ರಾನ್ಸ್‌ಫರ್ (ಊರು, ಜೋಡಿ ಬದಲಾವಣೆ) ಸುದ್ದಿ ಬಂದ ರಾತ್ರಿ ಒಬ್ಬರು ಸೂಟ್‌ಕೇಸ್ ತುಂಬುತ್ತಾರೆ, ಇನ್ನೊಬ್ಬರು ಅದೇ ಕೋಣೆಯಲ್ಲಿ ಉಳಿಯುತ್ತಾರೆ. ಒಂದೆರಡು ದಿನದಲ್ಲಿ ಖಾಲಿಯಾದ ಮಂಚಕ್ಕೆ ಹೊಸ ಮುಖ. 'ಎಲ್ಡರ್' (ಹುಡುಗರಿಗೆ) ಅಥವಾ 'ಸಿಸ್ಟರ್' (ಹುಡುಗಿಯರಿಗೆ) ಅನ್ನುವುದರ ಮುಂದೆ ಒಂದು ಮನೆತನದ ಹೆಸರು, ಅಷ್ಟೇ ಗೊತ್ತಿರುವುದು. ಆ ಕ್ಷಣದಿಂದ ಊಟ, ನಿದ್ದೆ, ಓದು, ಪ್ರಾರ್ಥನೆ, ಬೀದಿ ಅಲೆದಾಟ ಎಲ್ಲವೂ ಅವರ ಜೊತೆಗೇ.

ಮಾರ್ಮನ್ ಸಭೆಯ (ಅವರೇ ಹೇಳಿಕೊಳ್ಳುವ ಹೆಸರು 'ಕಡೇ ದಿನಗಳ ಸಂತರ ಯೇಸು ಕ್ರಿಸ್ತನ ಸಭೆ') ಮಿಷನರಿಗಳು ಒಬ್ಬೊಬ್ಬರೇ ಓಡಾಡುವುದಿಲ್ಲ. ಯೇಸು ಶಿಷ್ಯರನ್ನು ಇಬ್ಬಿಬ್ಬರನ್ನಾಗಿ ಕಳಿಸಿದ ಮಾತು ಮಾರ್ಕನ ಸುವಾರ್ತೆಯ 6ನೇ ಅಧ್ಯಾಯದಲ್ಲಿದೆ. ರೂಢಿ ಬಂದದ್ದು ಅಲ್ಲಿಂದ. ಕಂಪ್ಯಾನಿಯನ್, ಅಂದರೆ ಜೊತೆಗಾರ, ಕಣ್ಣಿಗೆ ಕಾಣುವಷ್ಟು, ಕೂಗಿದರೆ ಕೇಳುವಷ್ಟು ಹತ್ತಿರ ಇರಬೇಕು ಎಂಬುದು ನಿಯಮ. ವಿನಾಯಿತಿ ಇರುವುದು ಸ್ನಾನದ ಮನೆಗೆ, ಮಿಷನ್ ಪ್ರೆಸಿಡೆಂಟ್ (ಆ ಪ್ರದೇಶದ ಮಿಷನರಿಗಳ ಮುಖ್ಯಸ್ಥ) ಜೊತೆಗಿನ ಸಂದರ್ಶನಕ್ಕೆ, ಹೀಗೆ ಬೆರಳೆಣಿಕೆಯ ಸಂದರ್ಭಗಳಿಗೆ. ಮಲಗುವುದೂ ಒಂದೇ ಕೋಣೆಯಲ್ಲಿ, ಹಾಸಿಗೆ ಮಾತ್ರ ಬೇರೆ. ಜೋಡಿಯನ್ನು ಆರಿಸುವವರು ಮಿಷನ್ ಪ್ರೆಸಿಡೆಂಟ್. ಇಂಥವರೇ ಬೇಕು ಎಂದು ಕೇಳುವ ಪದ್ಧತಿ ಇಲ್ಲ.

ಲೆಕ್ಕ ಹೀಗಿದೆ. ಎಲ್ಡರ್‌ಗಳ ಅವಧಿ 24 ತಿಂಗಳು, ಯುವ ಸಿಸ್ಟರ್‌ಗಳದ್ದು 18. ಬಹುತೇಕ ಮಿಷನ್‌ಗಳಲ್ಲಿ ಟ್ರಾನ್ಸ್‌ಫರ್ ಚಕ್ರ 6 ವಾರದ್ದು. ಅಂದರೆ ಎಲ್ಡರ್‌ಗೆ ಸುಮಾರು 17 ಚಕ್ರ, ಸಿಸ್ಟರ್‌ಗೆ 13. ಒಬ್ಬರ ಜೊತೆ ಸರಾಸರಿ ಎರಡು ಚಕ್ರ ಕಳೆದರೂ ಎಲ್ಡರ್ ಎಂಟೊಂಬತ್ತು ಜನರ ಜೊತೆ, ಸಿಸ್ಟರ್ ಆರೇಳು ಜನರ ಜೊತೆ ಬಾಳುವೆ ಮಾಡಬೇಕು. ಪ್ರತಿ ಬಾರಿಯೂ ಗೆಳೆತನ ಕುದುರುತ್ತದೆ ಎಂದು ಕಾಯುವುದು ದಡ್ಡತನ. ಜೊತೆಯಾಗಿ ಕೆಲಸ ಮಾಡಲು ಬಂದರೆ ಸಾಕು, ಗೆಳೆತನ ಬಂದರೆ ಅದು ಲಾಭ.

ಜಗಳವಾದಾಗ ಎಲ್ಲರೂ ಹೇಳುವುದು 'ನಮ್ಮ ಸ್ವಭಾವ ಕೂಡಿಬರಲ್ಲ' ಅಂತ. ನನ್ನ ಅಭಿಪ್ರಾಯ ಬೇರೆ. ಮೊದಲೆರಡು ವಾರದ ಕಿರಿಕಿರಿಯಲ್ಲಿ ಹೆಚ್ಚಿನದು ಒಬ್ಬರಿಗೆ ಗೊತ್ತಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲದೆ ಹುಟ್ಟುವಂಥದ್ದು. ಅದೇ ಕೋಣೆಯಲ್ಲಿ ಉಳಿದವರ ತಲೆಯಲ್ಲಿ ಊರಿನ ನಕ್ಷೆ ಇರುತ್ತದೆ, ಯಾರ ಮನೆ ಯಾವಾಗ ತೆರೆದಿರುತ್ತದೆ ಎಂಬುದು ಇರುತ್ತದೆ. ಬಂದವರ ಕೈಯಲ್ಲಿ ಸೂಟ್‌ಕೇಸ್ ಬಿಟ್ಟರೆ ಏನೂ ಇಲ್ಲ. ದಿನವಿಡೀ ಇನ್ನೊಬ್ಬರ ಬೆನ್ನು ನೋಡುತ್ತ ನಡೆಯಬೇಕು. ನಾಲ್ಕು ದಿನ ಹಾಗೆ ನಡೆದ ಮೇಲೆ ಒಲ್ಲದ ಗಂಡನಿಗೆ ಮೊಸರಲ್ಲೂ ಕಲ್ಲು ಸಿಗುತ್ತದೆ. ಅವರು ಚಮಚ ಇಡುವ ರೀತಿಯೂ ತಪ್ಪಾಗಿ ಕಾಣುತ್ತದೆ.

ಹಾಗಾಗಿ ಮೊದಲ ಕೆಲಸ ಗೊತ್ತಿರುವುದನ್ನು ದಾಟಿಸುವುದು. ಏರಿಯಾ ಬುಕ್ ಎಂಬ ಭೇಟಿಗಳ ದಾಖಲೆ ಮೊದಲು ದಪ್ಪನೆಯ ಫೈಲ್ ಆಗಿತ್ತು, ಈಗ ಫೋನ್‌ನ ಆ್ಯಪ್‌ನಲ್ಲಿದೆ. ಯಾರಿಗೆ ಯಾವ ಪಾಠ ಆಯಿತು, ಯಾವ ದಿನ ಭೇಟಿ, ಯಾರು ಸಭೆಗೆ ಬಂದರು ಎಲ್ಲ ಅದರಲ್ಲಿ ಸಿಗುತ್ತದೆ. ಅದರಲ್ಲಿ ಸಿಗದ್ದೇ ಮುಖ್ಯ: ಯಾವ ಮನೆಯಲ್ಲಿ ಹೆಂಡತಿಗೆ ಆಸಕ್ತಿ, ಗಂಡನಿಗೆ ಸಿಟ್ಟು, ಯಾವ ಗೇಟಿನ ಹಿಂದೆ ನಾಯಿ, ಕೊನೆಯ ಬಸ್ ಎಷ್ಟು ಗಂಟೆಗೆ, ಯಾವ ಸದಸ್ಯರಿಗೆ ರಾತ್ರಿ ಫೋನ್ ಮಾಡಬಾರದು. ಮೊದಲ ಸಂಜೆ ಒಂದು ಗಂಟೆ ಕೂತು ಹೀಗೆ 15–20 ಹೆಸರು ದಾಟಿಸಿ. ಎಲ್ಲವನ್ನೂ ಹೇಳಲು ಹೋಗಬೇಡಿ, ಪ್ರಯಾಣದಿಂದ ಬಂದವರ ತಲೆಗೆ ಇಪ್ಪತ್ತರ ಮೇಲೆ ಇಳಿಯುವುದಿಲ್ಲ. ಎರಡನೇ ದಿನ ನೀವು ಮುಂದೆ ನಡೆಯಿರಿ. ಮೂರನೇ ದಿನ ದಾರಿ ತೋರಿಸುವ ಕೆಲಸ ಅವರದ್ದು. ದಾರಿ ತಪ್ಪಿದರೂ ಹತ್ತು ನಿಮಿಷ ಬಾಯಿ ಮುಚ್ಚಿಕೊಂಡು ಹಿಂದೆ ನಡೆಯಿರಿ. ಭೇಟಿ ಗೊತ್ತುಮಾಡುವ ಕರೆಗಳಲ್ಲಿ ಅರ್ಧ ಅವರೇ ಮಾಡಲಿ.

ಉಳಿದವರು ನಾಲಿಗೆ ಕಚ್ಚಿಕೊಂಡು ತಡೆಯಬೇಕಾದ ಮಾತೊಂದಿದೆ: 'ಹಿಂದಿನ ಕಂಪ್ಯಾನಿಯನ್ ಹೀಗೆ ಮಾಡ್ತಿದ್ರು.' ದಿನಕ್ಕೆ ಮೂರು ಸಲ ಇದು ಕೇಳಿದರೆ ಸಂತನಿಗೂ ಸಿಟ್ಟು ಬರುತ್ತದೆ.

ಇನ್ನು ಮನೆಯೊಳಗೆ. ಸಾಮಾನ್ಯ ವೇಳಾಪಟ್ಟಿಯಲ್ಲಿ ಏಳುವುದು 6.30ಕ್ಕೆ, ದೀಪ ಆರಿಸುವುದು 10.30ಕ್ಕೆ, ಕೆಲವು ದೇಶಗಳಲ್ಲಿ ಸ್ವಲ್ಪ ಆಚೀಚೆ. ವ್ಯಾಯಾಮ, ಸ್ನಾನ, ತಿಂಡಿ ಎಲ್ಲ ಬೆಳಗಿನ ಒಂದೂವರೆ ಗಂಟೆಯಲ್ಲಿ, ಬಚ್ಚಲು ಬಹುಪಾಲು ಒಂದೇ. ಮೊದಲ ರಾತ್ರಿಯೇ ಕೇಳಿಬಿಡಿ: ಮೊದಲು ಸ್ನಾನಕ್ಕೆ ಯಾರು, ತಲಾ ಎಷ್ಟು ನಿಮಿಷ, ಫ್ಯಾನ್ ಓಡಬೇಕೇ ಬೇಡವೇ, ಕಿಟಕಿ ತೆರೆಯಬೇಕೇ, ಗೊರಕೆ ಉಂಟೇ, ಬೆಳಿಗ್ಗೆ ಎದ್ದ ತಕ್ಷಣ ಮಾತಾಡಿಸಬಹುದೇ. ಕೊನೆಯದು ನಗು ಬರಿಸುವ ಪ್ರಶ್ನೆ, ಆದರೆ ಏಳುತ್ತಲೇ ಹಾಡುವವರಿಗೂ ಎಂಟು ಗಂಟೆಯವರೆಗೆ ಮಾತು ಬೇಡದವರಿಗೂ ಒಂದೇ ಕೋಣೆ ಸಿಕ್ಕರೆ ಅದರ ಬೆಲೆ ತಿಳಿಯುತ್ತದೆ. ಅಲಾರಾಂ ಒಂದೇ ಇರಲಿ, ಮಂಚದಿಂದ ಎದ್ದು ನಡೆದು ಆರಿಸುವಷ್ಟು ದೂರ ಇರಲಿ. ಇಬ್ಬರೂ ಅಲಾರಾಂ ಇಟ್ಟು ಇಬ್ಬರೂ ಮುಂದೂಡುತ್ತ ಹೋದರೆ ಮೊದಲು ಹೋಗುವುದು ವ್ಯಾಯಾಮ, ಆಮೇಲೆ ಓದು, ಆಮೇಲೆ 'ನಿನ್ನಿಂದ' ಎನ್ನುವ ಮಾತು.

ದುಡ್ಡಿನ ವಿಷಯದಲ್ಲಿ ನಾಚಿಕೆ ಬೇಡ. ಬಾಡಿಗೆ ಸಾಮಾನ್ಯವಾಗಿ ಮಿಷನ್ ಕಚೇರಿಯೇ ನೋಡಿಕೊಳ್ಳುತ್ತದೆ. ಊಟ, ಓಡಾಟಕ್ಕೆ ಪ್ರತಿಯೊಬ್ಬರ ಕಾರ್ಡಿಗೂ ತಿಂಗಳಿಗೊಮ್ಮೆ ಬೇರೆಬೇರೆಯಾಗಿ ಹಣ ಬೀಳುತ್ತದೆ. ತೊಡಕು ಇರುವುದು ಇಲ್ಲೇ. ಹಣ ತಿಂಗಳ ಲೆಕ್ಕ, ಟ್ರಾನ್ಸ್‌ಫರ್ 6 ವಾರದ ಲೆಕ್ಕ. ಎರಡೂ ಒಂದಕ್ಕೊಂದು ಹೊಂದುವುದಿಲ್ಲ. ಎಷ್ಟೋ ಸಲ ಹೊಸಬರು ಬರುವಾಗ ಪ್ರಯಾಣಕ್ಕೆ ಖರ್ಚು ಮಾಡಿ ಕಾರ್ಡ್ ಬರಿದಾಗಿರುತ್ತದೆ, ಹೋದವರ ಪಾಲಿನ ಸಾಮಾನು ಕಪಾಟಿನಲ್ಲಿ ಉಳಿದಿರುತ್ತದೆ. ಉಳಿದ ಸಾಮಾನು ಮನೆಯದ್ದು, ಯಾರೂ ಯಾರಿಗೂ ಬಾಕಿ ಇಲ್ಲ ಎಂದು ಬಗೆಹರಿಸಿಕೊಳ್ಳಿ. ಪ್ರಯಾಣದ ರಸೀದಿ ಎತ್ತಿಟ್ಟು ಆ ವಾರವೇ ಕಚೇರಿಗೆ ಕಳಿಸಿ.

ಪಿ-ಡೇ ದಿನ, ಅಂದರೆ ವಾರಕ್ಕೊಮ್ಮೆ ಬಟ್ಟೆ ಒಗೆಯಲು, ಅಂಗಡಿಗೆ ಹೋಗಲು, ಮನೆಯವರ ಜೊತೆ ಮಾತಾಡಲು ಸಿಗುವ ಬಿಡುವಿನಲ್ಲಿ, ಇಬ್ಬರೂ ಸಮನಾಗಿ ಒಂದು ಲಕೋಟೆಗೆ ಹಣ ಹಾಕಿ. ಎಣ್ಣೆ, ಉಪ್ಪು, ಸೋಪು, ಪಾತ್ರೆ ತೊಳೆಯುವ ಪುಡಿ ಅದರಿಂದ ಬರಲಿ. ಮಿಕ್ಕದ್ದು ಅವರವರ ಚೀಲ, ಅವರವರ ತಟ್ಟೆ. ಎಲ್ಲವನ್ನೂ ಒಟ್ಟು ಕೊಂಡು ಒಟ್ಟು ಉಣ್ಣುವ ಏರ್ಪಾಡು ಮೊದಲ ವಾರ ಚೆಂದ, ಮೂರನೇ ವಾರಕ್ಕೆ 'ಹಾಲು ಯಾರು ಕುಡಿದದ್ದು' ಎಂಬಲ್ಲಿಗೆ ಬರುತ್ತದೆ. ಕುಟುಂಬದ ಜೊತೆ ವಾರವಾರ ವಿಡಿಯೊ ಕರೆ ಮಾಡಲು 2019ರಿಂದ ಅವಕಾಶವಿದೆ. ಒಬ್ಬರ ಮನೆಯಲ್ಲಿ ಬೆಳಗು, ಇನ್ನೊಬ್ಬರದ್ದರಲ್ಲಿ ನಡುರಾತ್ರಿ. ಯಾರ ಕರೆ ಎಷ್ಟು ಹೊತ್ತಿಗೆ ಎಂಬುದನ್ನು ಹಿಂದಿನ ದಿನವೇ ಬರೆದಿಡದಿದ್ದರೆ ಬಟ್ಟೆ ಒದ್ದೆಯಾಗಿಯೇ ಉಳಿಯುತ್ತದೆ.

ಭಾಷೆಯದ್ದು ಎಲ್ಲಕ್ಕಿಂತ ನಾಜೂಕು. ಪರಭಾಷೆಯ ಮಿಷನ್‌ಗೆ ಹೋಗುವವರು ತರಬೇತಿ ಕೇಂದ್ರದಲ್ಲಿ (ಯೂಟಾದ ಪ್ರೊವೊ, ಮನಿಲಾ, ಸಾವೊ ಪಾವ್ಲೊ ಮೊದಲಾದೆಡೆ ಇವೆ) ಕಲಿಯುವುದು ಕೆಲವೇ ವಾರ. ಅದು ಪ್ರಾರ್ಥನೆಗೆ, ಪರಿಚಯಕ್ಕೆ ಸಾಕು; ಬೀದಿಯ ಮಾತಿಗೆ ಸಾಲದು. ಸ್ಥಳೀಯ ಕಂಪ್ಯಾನಿಯನ್ ಸಿಕ್ಕರೆ ಭಾಷೆ ತಾನಾಗಿ ಬರುತ್ತದೆ ಎಂದುಕೊಳ್ಳುವವರು ಒಂದು ಮರೆಯುತ್ತಾರೆ. ಫಿಲಿಪ್ಪೀನ್ಸ್‌ನಲ್ಲಿ ಸೆಬುವಾನೊ ಮನೆಮಾತಿನ ಹುಡುಗನನ್ನು ಟಗಾಲೊಗ್ ಸೀಮೆಗೆ ಹಾಕಿದರೆ ಅವನಿಗೂ ಅದು ಎರಡನೇ ಭಾಷೆಯೇ. ಜೊತೆಗೆ ಅವನು ಇಂಗ್ಲಿಷ್ ಕಲಿಯುವ ಆಸೆಯಲ್ಲಿರಬಹುದು. ಇಬ್ಬರೂ ತಮ್ಮತಮ್ಮ ಅಭ್ಯಾಸಕ್ಕೆ ಎಳೆದರೆ ಎತ್ತು ಏರಿಗೆ, ಕೋಣ ನೀರಿಗೆ. ಹೊಸಿಲು ದಾಟಿದ ಮೇಲೆ ಊರಿನ ಭಾಷೆ, ರಾತ್ರಿ ಊಟದ ಹೊತ್ತಿನ ಅರ್ಧ ಗಂಟೆ ಇಂಗ್ಲಿಷ್ ಎಂಬಂಥ ಒಪ್ಪಂದ ಬಾಳುತ್ತದೆ. ತಪ್ಪು ತಿದ್ದುವುದಕ್ಕೂ ಒಪ್ಪಂದ ಬೇಕು: ಪಾಠದ ನಡುವೆ ಬೇಡ, ಚೀಟಿಯಲ್ಲಿ ಬರೆದುಕೊಂಡು ದಾರಿಯಲ್ಲಿ ಹೇಳಿ, ಒಂದು ಭೇಟಿಗೆ ಮೂರಕ್ಕಿಂತ ಹೆಚ್ಚು ಬೇಡ. ಮನೆಯವರ ಮುಂದೆ ತಿದ್ದಿಸಿಕೊಂಡ ಹೊಸಬರು ಮುಂದಿನ ಮನೆಯಲ್ಲಿ ಬಾಯಿ ತೆರೆಯುವುದಿಲ್ಲ.

ಪಾಠ ಹೇಳುವಾಗ ಜೋಡಿಯ ಬಿರುಕು ಹೊರಗಿನವರಿಗೂ ಕಾಣುತ್ತದೆ. ಹಳಬರೇ ಇಪ್ಪತ್ತು ನಿಮಿಷ ಮಾತಾಡುವುದು, ಹೊಸಬರು ಬೂಟು ನೋಡುತ್ತ ಕೂರುವುದು ಎಲ್ಲೆಲ್ಲೂ ಕಾಣುವ ದೃಶ್ಯ. ಬಾಗಿಲು ತಟ್ಟುವ ಮೊದಲು ಎರಡು ನಿಮಿಷ ನಿಂತು ಮೂರೇ ವಿಷಯ ತೀರ್ಮಾನಿಸಿ: ಆರಂಭ ಯಾರದ್ದು, ಪ್ರಾರ್ಥನೆ ಯಾರದ್ದು, ಕೊನೆಗೆ ಯಾವ ಆಹ್ವಾನ ಕೊಡುವುದು. ಸರದಿ ದಾಟಿಸಲು ಒಂದು ಸಂಜ್ಞೆ ಇರಲಿ, ಪುಸ್ತಕವನ್ನು ಅವರತ್ತ ಸರಿಸಿದರೂ ಆಯಿತು. ಒಬ್ಬರು ಮಾತಾಡುವಾಗ ಇನ್ನೊಬ್ಬರ ಕೆಲಸ ಕೇಳುವವರ ಮುಖ ಓದುವುದು. ಅರ್ಥವಾಗದ ಗೆರೆ ಮೊದಲು ಕಾಣುವುದು ಸುಮ್ಮನಿರುವವರಿಗೆ. ಊರಿನ ಮಾತೇ ಬಾರದ 'ಗ್ರೀನಿ'ಗೂ (ಹೊಚ್ಚ ಹೊಸ ಮಿಷನರಿ) ಮೊದಲ ದಿನದಿಂದ ಪಾಲು ಇರಬೇಕು: ಸಭೆಯ ಸ್ಥಾಪಕ ಜೋಸೆಫ್ ಸ್ಮಿತ್ ಕಂಡ ಮೊದಲ ದರ್ಶನದ ವಾಕ್ಯಗಳನ್ನು ಬಾಯಿಪಾಠ ಮಾಡಿ ಹೇಳಲಿ, ಕೊನೆಯ ಪ್ರಾರ್ಥನೆ ಮಾಡಲಿ. ಎರಡನೇ ವಾರಕ್ಕೆ ಭಾನುವಾರದ ಆರಾಧನೆಗೆ ಕರೆಯುವುದೂ ಅವರದ್ದೇ ಆಗಲಿ.

ತರಬೇತಿ ಕೇಂದ್ರ ಬಿಟ್ಟು ಊರಿಗೆ ಬಂದ ಹೊಸ ಮಿಷನರಿಗೆ ಅಲ್ಲಿನ ತರಬೇತಿ 12 ವಾರ, ಅಂದರೆ ಎರಡು ಚಕ್ರ. ಅಷ್ಟೂ ಕಾಲ ಒಬ್ಬರೇ ಟ್ರೈನರ್ ಇರಬೇಕೆಂಬುದು ಉದ್ದೇಶ, ಆದರೆ ನಡುವೆ ಬದಲಾಗುವುದೂ ಉಂಟು. ಮೊದಲ ಟ್ರೈನರ್ ಮಾಡಿದ್ದೇ ಮಿಷನ್ ಎಂದು ನಂಬಿದವರಿಗೆ ಎರಡನೆಯವರು ಅಧರ್ಮಿಯಂತೆ ಕಾಣುತ್ತಾರೆ. ಆಗ ಮೂರು ಗುಂಪು ಮಾಡಿ ನೋಡಬೇಕು. ಸುರಕ್ಷತೆ, ನೀತಿಗೆ ಸೇರಿದ ನಿಯಮಗಳಲ್ಲಿ ಚೌಕಾಸಿ ಇಲ್ಲ. ಒಬ್ಬರೇ ಹೊರಗೆ ಹೋಗುವುದು, ಪರದೆ ಇನ್ನೊಬ್ಬರಿಗೆ ಕಾಣದಂತೆ ಫೋನ್ ಬಳಸುವುದು ಈ ಗುಂಪಿನವು. ಆ ಮಿಷನ್‌ನ ಸ್ಥಳೀಯ ನಿಯಮದ ಬಗ್ಗೆ ಅನುಮಾನವಿದ್ದರೆ ಡಿಸ್ಟ್ರಿಕ್ಟ್ ಲೀಡರ್‌ಗೆ (ಹತ್ತಿರದ ಕೆಲವು ಜೋಡಿಗಳನ್ನು ನೋಡಿಕೊಳ್ಳುವ ಮಿಷನರಿ) ಕೇಳಿ, ಅಲ್ಲಿಗೆ ಮುಗಿಯಿತು. ಉಳಿದದ್ದು ಅಭ್ಯಾಸ, ಅಲ್ಲಿ ಬಿಟ್ಟುಕೊಡಿ. ಹತ್ತರಲ್ಲಿ ಏಳು ತಕರಾರು ಈ ಮೂರನೇ ಗುಂಪಿನವೇ ಎಂಬುದು ನನ್ನ ಊಹೆ.

ಮೂವರ ಜೋಡಿಗೆ ಮನೆಯೊಂದು ಮೂರು ಬಾಗಿಲು. ಸಂಖ್ಯೆ ಬೆಸವಾದಾಗ ಅಥವಾ ಯಾರಾದರೂ ಊರಿಗೆ ಮರಳಿದಾಗ ಇದು ಬರುತ್ತದೆ. ಇಬ್ಬರು ಒಂದಾಗಿ ಒಬ್ಬರು ಹಿಂದೆ ಉಳಿಯುವುದು ಖಚಿತ. ಪಾಠದಲ್ಲಿ ಯಾರು ಬರೀ ಕೇಳುಗರು ಎಂಬ ಸರದಿ ದಿನವೂ ತಿರುಗಲಿ. ಇಬ್ಬರನ್ನೂ ಒಟ್ಟಿಗೆ ಬದಲಿಸಿ ಹೊಸ ಜೋಡಿ ಹಾಕುವುದಕ್ಕೆ 'ವೈಟ್‌ವಾಶ್' ಎನ್ನುತ್ತಾರೆ. ದಾರಿ ಹೇಳುವವರೇ ಇಲ್ಲದ ಈ ಸ್ಥಿತಿಯಲ್ಲಿ ವಿಚಿತ್ರವೆಂದರೆ ಜಗಳ ಕಡಿಮೆ. ಇಬ್ಬರಿಗೂ ಏನೂ ಗೊತ್ತಿರುವುದಿಲ್ಲ ನೋಡಿ.

ವಾರದ ಯೋಜನೆಯ ಕೊನೆಗೆ ಕಂಪ್ಯಾನಿಯನ್‌ಶಿಪ್ ಇನ್ವೆಂಟರಿ ಎಂಬ ಮಾತುಕತೆ ಇರುತ್ತದೆ: ಏನು ಚೆನ್ನಾಗಿ ನಡೆಯಿತು, ಎಲ್ಲಿ ಎಡವಿದೆವು, ಮುಂದೆ ಏನು. ಇದು ಕೆಡುವುದು ಎರಡು ರೀತಿ. ಒಂದು, ವಾರವಿಡೀ ಕೂಡಿಟ್ಟ ಸಿಟ್ಟನ್ನು ಅಲ್ಲಿ ಸುರಿಯುವುದು. ಇನ್ನೊಂದು, 'ಎಲ್ಲ ಚೆನ್ನಾಗಿದೆ' ಎಂದು ಎರಡು ನಿಮಿಷದಲ್ಲಿ ಎದ್ದುಬಿಡುವುದು. ಎದುರಿಗೆ ಕೂತು ನೇರ ಹೇಳುವುದನ್ನೇ ಅವಮಾನ ಎಂದು ಕಾಣುವ ಮನೆಗಳಿಂದ ಬಂದವರಿಗೆ 'ಬಿಚ್ಚಿ ಹೇಳು' ಎಂದರೆ ಇನ್ನಷ್ಟು ಮುಚ್ಚಿಕೊಳ್ಳುತ್ತಾರೆ. ಅಂಥಲ್ಲಿ ಇಬ್ಬರೂ ಚೀಟಿಯಲ್ಲಿ ಎರಡೆರಡು ಸಾಲು ಬರೆದು ಬದಲಾಯಿಸಿಕೊಳ್ಳುವುದು ಕೆಲಸ ಮಾಡುತ್ತದೆ. ಒಂದು ವಾರಕ್ಕೆ ಒಂದೇ ಬದಲಾವಣೆ ಕೇಳಿ, ಅದೂ ಕಣ್ಣಿಗೆ ಕಾಣುವಂಥದ್ದು: 'ಗೌರವ ಕೊಡು' ಎಂದರೆ ಏನು ಮಾಡಬೇಕೆಂದು ಯಾರಿಗೂ ತಿಳಿಯದು, 'ರಾತ್ರಿ ಪಾತ್ರೆ ತೊಳೆದಿಡು' ಎಂದರೆ ತಿಳಿಯುತ್ತದೆ.

ಒತ್ತಡ ಅಳೆಯಲು ಸಭೆಯೇ ಮಿಷನರಿಗಳಿಗೆ ಕೊಡುವ ಕೈಪಿಡಿಯಲ್ಲಿ ನಾಲ್ಕು ಬಣ್ಣಗಳಿವೆ: ಹಸಿರು, ಹಳದಿ, ಕಿತ್ತಳೆ, ಕೆಂಪು. 'ಇವತ್ತು ನಾನು ಹಳದಿ' ಎಂದು ಹೇಳಿಕೊಳ್ಳುವ ರೂಢಿ ಮಾಡಿಕೊಂಡರೆ ವಿವರಣೆ ಬೇಕಾಗುವುದಿಲ್ಲ. ಹಲವು ದಿನ ಕಿತ್ತಳೆಯಲ್ಲೇ ಇದ್ದರೆ ನೆರವು ಕೇಳಬೇಕು. ಕಂಪ್ಯಾನಿಯನ್ ಕೈ ಮಾಡಿದರೆ, ಬೆದರಿಸಿದರೆ, ಹೇಳದೆ ಬಿಟ್ಟುಹೋದರೆ, ಸಾಯುವ ಮಾತಾಡಿದರೆ ಅದು ಇನ್ವೆಂಟರಿಯ ವಿಷಯವಲ್ಲ. ಡಿಸ್ಟ್ರಿಕ್ಟ್ ಲೀಡರ್ ಕೂಡ ಇಪ್ಪತ್ತರ ಆಸುಪಾಸಿನ ಹುಡುಗನೇ. ನೇರ ಮಿಷನ್ ಪ್ರೆಸಿಡೆಂಟ್‌ಗೆ ಅದೇ ದಿನ ಫೋನ್ ಮಾಡಿ. ಚಕ್ರದ ನಡುವೆಯೂ ಜೋಡಿ ಬದಲಿಸುವ ಅಧಿಕಾರ ಅವರಿಗಿದೆ.

ಅವಧಿ ಮುಗಿಯುತ್ತ ಬಂದವರು 'ಟ್ರಂಕಿ' ಆಗುತ್ತಾರೆ, ಮನಸ್ಸು ಆಗಲೇ ಟ್ರಂಕಿನೊಳಗೆ. ಅಂಥವರ ಜೊತೆ ಕೊನೆಯ ಆರು ವಾರ ಸಿಕ್ಕರೆ ಉಪದೇಶ ಬೇಡ. ಊರಿಗೆ ಹೋಗುವ ಮೊದಲು ಯಾವ ಐದು ಮನೆ ಮತ್ತೆ ನೋಡಬೇಕು ಎಂದು ಕೇಳಿ, ಅದನ್ನೇ ದಿನಚರಿಗೆ ಹಾಕಿ. ಹೊರಡುವವರು ಯಾರೇ ಇರಲಿ, ಕೊನೆಯ ರಾತ್ರಿ ಅರ್ಧ ಹಾಳೆ ಬರೆದು ಫ್ರಿಜ್ ಮೇಲೆ ಅಂಟಿಸಲಿ: ಬಾಕಿ ಭೇಟಿಗಳು, ಕೆಟ್ಟ ನಲ್ಲಿ, ಗ್ಯಾಸ್ ಮುಗಿಯುವ ಅಂದಾಜು ದಿನ, ಕಸದ ಗಾಡಿ ಬರುವ ವಾರ. ಬೀಗದ ಎರಡನೇ ಕೀ ಎಲ್ಲಿದೆ ಎಂದು ಬರೆಯುವುದನ್ನು ಮಾತ್ರ ಎಲ್ಲರೂ ಮರೆಯುತ್ತಾರೆ.