ನಿನ್ನೆ ತಿಂದದ್ದನ್ನು ಇವತ್ತು ಮುರ್ಕೊಳ್ಳಬಹುದಾ?

“ನಿನ್ನೆ ಭಾಳ ತಿಂದೆ. ಇವತ್ತು ಉಪವಾಸ ಇದ್ದು ಮುರ್ಕೊಂಡ್ರ ಆತಿಲ್ಲೋ?”

ಬಾಗಲಕೋಟೆಯ ನವನಗರದಲ್ಲಿ ಬೆಳಿಗ್ಗೆ ವಾಕಿಂಗ್ ಹೊರಟರೆ ಈ ಪ್ರಶ್ನೆ. ಮದುವೆಯಲ್ಲಿ ಊಟಕ್ಕೆ ಕೂತರೆ ಈ ಪ್ರಶ್ನೆ. ಕಿರಾಣಿ ಅಂಗಡಿಯಲ್ಲಿ ನಿಂತರೂ ಇದೇ. ಒಂದೂವರೆ ವರ್ಷದಲ್ಲಿ ನಾನು 82 ಕಿಲೋದಿಂದ 68ಕ್ಕೆ ಇಳಿದೆ. ಅವತ್ತಿನಿಂದ ಇದು ಶುರುವಾಯಿತು. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಬರೆಯುತ್ತಿದ್ದೇನೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಉತ್ತರ: ಬೇಡ. ಉಪವಾಸ ಇರಬೇಡಿ. ಇವತ್ತು ಎಂದಿನಂತೆ ಊಟ ಮಾಡಿ. ಲೆಕ್ಕ ಹಾಕಲೇಬೇಕು ಅಂದರೆ ವಾರದ ಲೆಕ್ಕ ಹಾಕಿ.

ನನಗೆ ಸಿಟ್ಟು ಬರುವುದು ಆ ‘ಮುರ್ಕೊಳ್ಳೋದು’ ಎಂಬ ಮಾತಿಗೆ. ನಮ್ಮ ಕಡೆ ಮುಂಗಡ ತಗೊಂಡವನ ಪಗಾರದಲ್ಲಿ ಸಾಹುಕಾರ ಮುರ್ಕೊಳ್ಳುತ್ತಾನೆ. ಉದ್ರಿ ಬಾಕಿಯನ್ನು ಅಂಗಡಿಯವರು ಮುರ್ಕೊಳ್ಳುತ್ತಾರೆ. ನೀವು ಹೋಳಿಗೆ ತಿಂದದ್ದು ಯಾರ ಸಾಲವೂ ಅಲ್ಲ. ಮಗಳ ಮದುವೆಯಲ್ಲಿ, ಅಣ್ಣನ ಮನೆಯ ಹಬ್ಬದಲ್ಲಿ ಖುಷಿಯಿಂದ ತಿಂದ ಊಟ ಅದು. ಅದಕ್ಕೆ ಮರುದಿನ ದಂಡ ಕಟ್ಟುವ ಹಾಗೆ ಯಾಕೆ ಮಾತಾಡಬೇಕು?

ಸರಿ, ಲೆಕ್ಕಕ್ಕೆ ಬರೋಣ. ನನ್ನ ದೇಹಕ್ಕೆ ದಿನಕ್ಕೆ ಸುಮಾರು 2000 ಕ್ಯಾಲೊರಿ ಬೇಕು ಎಂದು ಇಟ್ಟುಕೊಳ್ಳಿ. ನಾನು 1600 ತಿನ್ನಬೇಕೆಂದು ಮಾಡಿಕೊಂಡಿದ್ದೆ. ವಾರಕ್ಕೆ 11,200. ರವಿವಾರ ಒಂದು ಮದುವೆ ಬಂತು, ಅವತ್ತು 3000 ಆಯಿತು. ಅಂದರೆ 1400 ಜಾಸ್ತಿ. ಅಷ್ಟನ್ನೂ ಸೋಮವಾರವೇ ಮುರಿಯಬೇಕು ಅಂದರೆ ಸೋಮವಾರ ತಿನ್ನಲು ಉಳಿಯುವುದು ಬರೀ 200. ಒಂದು ಜೋಳದ ರೊಟ್ಟಿ, ಅದೂ ಪಲ್ಯ ಇಲ್ಲದೆ. ಹೀಗೆ ಇದ್ದವರು ಸಂಜೆ ಐದಕ್ಕೆ ಮಿರ್ಚಿ ಭಜಿ ಗಾಡಿಯ ಮುಂದೆ ನಿಂತಿರುತ್ತಾರೆ. ಅದು ಅವರ ತಪ್ಪಲ್ಲ, ಹಸಿವಿನ ಕೆಲಸವೇ ಅದು. ಇಲ್ಲವೆಂದರೆ ಉಪವಾಸ ಎಂದು ಸಾಬೂದಾನಿ ಖಿಚಡಿ ಮಾಡಿಕೊಳ್ಳುತ್ತಾರೆ. ಅದರಲ್ಲಿ ಆಲೂಗಡ್ಡೆ, ಎಣ್ಣೆ, ಮೇಲೆ ಶೇಂಗಾ ಪುಡಿ. ಒಂದು ತಾಟು ಖಿಚಡಿ ಎರಡು ರೊಟ್ಟಿ, ಪಲ್ಯದ ಊಟವನ್ನೂ ಮೀರಿಸುತ್ತದೆ.

ಅದೇ 1400ನ್ನು ಉಳಿದ ಆರು ದಿನಕ್ಕೆ ಹಂಚಿ. ದಿನಕ್ಕೆ ಸುಮಾರು 235. ಒಂದು ರೊಟ್ಟಿ ಮತ್ತು ಒಂದು ಚಮಚ ಶೇಂಗಾ ಹಿಂಡಿ ಕಡಿಮೆ, ಅಷ್ಟೇ. ಮದುವೆ ಯಾವತ್ತು ಎಂದು ಲಗ್ನಪತ್ರಿಕೆ ಮೊದಲೇ ಹೇಳಿರುತ್ತದೆ ಅಲ್ವಾ? ಹಾಗಾಗಿ ಎರಡು ಮೂರು ದಿನ ಮೊದಲೇ ಸ್ವಲ್ಪ ಕೈ ಹಿಡಿಯಬಹುದು. ನನಗೆ ಅದೇ ಸುಲಭ. ಆದರೆ ಮದುವೆಯ ದಿನ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮಾತ್ರ ಹೋಗಬೇಡಿ.

ಏನೂ ಹಂಚದೆ ಸುಮ್ನೆ ಬಿಟ್ಟರೆ? ಆಗಲೂ ವಾರದ ಮೊತ್ತ 12,600. ದೇಹಕ್ಕೆ ಬೇಕಾದದ್ದು 14,000. ಇನ್ನೂ 1400 ಕಡಿಮೆಯೇ ತಿಂದಿದ್ದೀರಿ! ಇಳಿಯುವ ವೇಗ ಅರ್ಧ ಆಯಿತು, ಇಳಿಯುವುದು ನಿಂತಿಲ್ಲ. ಇದನ್ನು ಹೇಳಿದಾಗ ಜನ ನನ್ನ ಮುಖ ನೋಡುತ್ತಾರೆ. ಪೆನ್ನು ಹಿಡಿದು ಕೂಡಿಸಿ ನೋಡಿ.

“ಮತ್ತ ಮರುದಿನ ಕಾಟಾ ಮ್ಯಾಲೆ ನಿಂತ್ರ ಒಂದೂವರೆ ಕಿಲೋ ಜಾಸ್ತಿ ತೋರಿಸ್ತಲ್ರಿ?” ತೋರಿಸುತ್ತದೆ. ನನಗೂ ತೋರಿಸಿದೆ. ಒಂದು ಕಿಲೋ ಕೊಬ್ಬು ಕೂಡಬೇಕಾದರೆ ಸುಮಾರು 7700 ಕ್ಯಾಲೊರಿ ಹೆಚ್ಚಿಗೆ ತಿನ್ನಬೇಕು. ಒಂದೂವರೆ ಕಿಲೋಗೆ 11,500ಕ್ಕೂ ಮೇಲೆ. ಒಂದು ಊಟದಲ್ಲಿ ಅಷ್ಟು ಯಾರಿಗೂ ಆಗುವುದಿಲ್ಲ. ಕೂಡಿದ್ದು ಹೆಚ್ಚಾಗಿ ನೀರು. ಅನ್ನ, ಬೆಲ್ಲ, ಗೋಧಿಯಿಂದ ಬಂದ ಸಕ್ಕರೆಯನ್ನು ದೇಹ ಗ್ಲೈಕೋಜನ್ ಮಾಡಿ ಸ್ನಾಯುಗಳಲ್ಲಿ, ಯಕೃತ್ತಿನಲ್ಲಿ ಇಟ್ಟುಕೊಳ್ಳುತ್ತದೆ. ಅದರ ಒಂದು ಗ್ರಾಂ ಜೊತೆ ಸುಮಾರು ಮೂರು ಗ್ರಾಂ ನೀರು ಸೇರಿರುತ್ತದೆ. ಉಪ್ಪಿನಕಾಯಿ, ಹಪ್ಪಳ, ಸಾರಿನ ಉಪ್ಪೂ ನೀರು ಹಿಡಿಯುತ್ತದೆ. ನಿಮ್ಮ ಊಟಕ್ಕೆ ಮರಳಿದರೆ ಮೂರು ನಾಲ್ಕು ದಿನಕ್ಕೆ ಅದು ಇಳಿಯುತ್ತದೆ. ಹಬ್ಬದ ಮರುದಿನ ಕಾಟಾ ಹತ್ತಲೇಬೇಡಿ.

ಇಷ್ಟು ಉದ್ದಕ್ಕೆ ಬರೆಯಲು ಬೇರೆ ಕಾರಣ ಇದೆ. ಒಮ್ಮೆ ನಾನು ಚಿಕ್ಕ ಉತ್ತರ ಕೊಟ್ಟು ತಪ್ಪು ಮಾಡಿದೆ.

ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಹುನಗುಂದ ಕಡೆಯ ನಮ್ಮ ಹೊಲಕ್ಕೆ ಹೋಗಿದ್ದೆವು. ಬಿಳಿಜೋಳ ಎದೆಮಟ್ಟ ನಿಂತಿತ್ತು. ಸಜ್ಜೆ ರೊಟ್ಟಿ, ಎಣಗಾಯಿ, ಪುಂಡಿ ಪಲ್ಯ, ಮೊಸರನ್ನ, ಶೇಂಗಾ ಹೋಳಿಗೆ. ಆ ಹೋಳಿಗೆಯನ್ನು ನಾನು ಮನೆಯಲ್ಲಿ ತೂಗಿ ನೋಡಿದ್ದೇನೆ, ಒಂದಕ್ಕೆ ಸುಮಾರು 270 ಕ್ಯಾಲೊರಿ. ಮೇಲೆ ದೊಡ್ಡ ಚಮಚ ತುಪ್ಪ ಹಾಕಿದರೆ ಇನ್ನೊಂದು 120. ನಮ್ಮ ಚಿಗವ್ವ ಮೂರು ತಿಂದಳು. ಸಂಜೆ ಮರಳುವಾಗ ನನ್ನ ಪಕ್ಕ ಕೂತು ಕೇಳಿದಳು, “ತಂಗಿ, ಇವತ್ತಿಂದ ನಾಳಿಗಿ ಮುರ್ಕೊಂಡ್ರ ನಡಿತೈತಿಲ್ಲೋ?” ನನಗೆ ನಿದ್ದೆ ಬರುತ್ತಿತ್ತು. “ಹೂಂ ಚಿಗವ್ವ, ನಾಳಿ ಒಂದಿನ ಕಡಿಮಿ ಮಾಡು, ಆತು” ಅಂದೆ.

ಚಿಗವ್ವನಿಗೆ ಸಕ್ಕರೆ ಕಾಯಿಲೆ. ಅದು ನನಗೆ ಗೊತ್ತಿತ್ತು. ಮರುದಿನ ಬೆಳಿಗ್ಗೆ ಗುಳಿಗೆ ತಗೊಂಡಿದ್ದಾಳೆ, ಊಟ ಮಾಡಿಲ್ಲ. ಮಧ್ಯಾಹ್ನ ಹನ್ನೆರಡೂವರೆಗೆ ಕೈ ನಡುಗಿ, ಮೈಯೆಲ್ಲ ಬೆವೆತು, ಕಟ್ಟೆ ಮೇಲೆ ಕುಸಿದು ಕೂತಳಂತೆ. ಪಕ್ಕದ ಮನೆಯವರ ಹತ್ತಿರ ಸಕ್ಕರೆ ನೋಡುವ ಮಷಿನ್ ಇತ್ತು. 58 ತೋರಿಸಿತು. 70ಕ್ಕಿಂತ ಕೆಳಗೆ ಹೋದರೇ ಅಪಾಯ. ಪುಣ್ಯಕ್ಕೆ ಅವರಿಗೆ ತಿಳಿದಿತ್ತು. ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿದರು. ಕಾಲು ಗಂಟೆ ಬಿಟ್ಟು ಮತ್ತೆ ನೋಡಿದರು. ಏರಿದ ಮೇಲೆ ಊಟ ಮಾಡಿಸಿದರು.

ನಾನು ಸಂಜೆ ಹೋದೆ. ಅವಳು ಬೈಯಲಿಲ್ಲ. “ನೀನ ಅಂದಿದ್ಯಲ್ಲವ್ವಾ, ಅದಕ್ಕ ಬಿಟ್ಟಿದ್ದೆ” ಅಂದಳು.

ಹಾಗಾಗಿ ಸ್ಪಷ್ಟವಾಗಿ ಹೇಳುತ್ತೇನೆ. ಸಕ್ಕರೆ ಕಾಯಿಲೆಗೆ ಗುಳಿಗೆ ಅಥವಾ ಇನ್ಸುಲಿನ್ ತಗೊಳ್ಳುವವರು, ಬಸುರಿಯರು, ಬಾಣಂತಿಯರು ನನ್ನ ಲೆಕ್ಕ ತಗೊಳ್ಳಬೇಡಿ. ಕೆಲವು ಗುಳಿಗೆಗಳು ನೀವು ಉಂಡರೂ ಬಿಟ್ಟರೂ ಸಕ್ಕರೆ ಇಳಿಸುತ್ತಲೇ ಇರುತ್ತವೆ. ನಿಮ್ಮ ಡಾಕ್ಟರನ್ನು ಕೇಳಿ.

ಇನ್ನೊಂದು ಬೇಜಾರು. ಎಲ್ಲರೂ ಹಬ್ಬದ ದಿನದ ಬಗ್ಗೆಯೇ ಕೇಳುತ್ತಾರೆ. ನನ್ನ 14 ಕಿಲೋ ಲೆಕ್ಕ ನೋಡಿ. ಅದನ್ನು 7700ರಿಂದ ಗುಣಿಸಿ ಒಂದೂವರೆ ವರ್ಷಕ್ಕೆ ಹಂಚಿದರೆ ದಿನಕ್ಕೆ ಸುಮಾರು 200 ಬರುತ್ತದೆ. ಕಾಗದದ ಮೇಲೆ ನಾನು ಕಡಿಮೆ ಮಾಡಿದ್ದು 400. ಉಳಿದ 200 ಎಲ್ಲಿ ಹೋಯಿತು? ಮದುವೆ, ಜಾತ್ರೆ, ಕುಬಸ, ಅಮೀನಗಡದ ಕರದಂಟು, ಬೆಳಗಾವಿಯಿಂದ ನಾದಿನಿ ತರುವ ಕುಂದಾ. ಅವೆಲ್ಲ ತಿಂದೇ ಇಳಿದಿದ್ದೇನೆ. ಒಂದನ್ನೂ ಮುರ್ಕೊಂಡಿಲ್ಲ.

ನನ್ನನ್ನು ಯಾರಾದರೂ ಇದನ್ನು ಕೇಳಲಿ ಎಂದು ಕಾಯುತ್ತಿದ್ದೇನೆ: “ನಿಮ್ಮ ಮನಿಗೆ ತಿಂಗಳಿಗೆ ಎಣ್ಣಿ ಎಷ್ಟ್ ಬೇಕ್ರಿ?”

ನಾವು ಮನೆಯಲ್ಲಿ ನಾಲ್ಕು ಮಂದಿ. ತಿಂಗಳಿಗೆ ಐದು ಲೀಟರ್ ಡಬ್ಬಿ ಖಾಲಿ ಆಗುತ್ತಿತ್ತು. ಐದು ಲೀಟರ್ ಎಣ್ಣೆ ತೂಕದಲ್ಲಿ ಸುಮಾರು ನಾಲ್ಕೂವರೆ ಕಿಲೋ. ಕುಸುಬಿ ಆಗಲಿ, ಶೇಂಗಾ ಆಗಲಿ, ಸೂರ್ಯಕಾಂತಿ ಆಗಲಿ, ಗ್ರಾಂಗೆ 9 ಕ್ಯಾಲೊರಿ. ನಾಲ್ಕು ಮಂದಿಗೆ, ಮೂವತ್ತು ದಿನಕ್ಕೆ ಹಂಚಿದರೆ ಒಬ್ಬೊಬ್ಬರಿಗೆ ದಿನಕ್ಕೆ 340ರ ಹತ್ತಿರ. ಮದುವೆ ಇಲ್ಲ, ಹಬ್ಬ ಇಲ್ಲ, ಬರೀ ಬುಧವಾರ. ದಿನಾ ಒಂದು ಶೇಂಗಾ ಹೋಳಿಗೆಗಿಂತ ಜಾಸ್ತಿ ಎಣ್ಣೆಯನ್ನೇ ತಿನ್ನುತ್ತಿದ್ದೆವು. ಅದರ ರುಚಿಯೂ ನಮಗೆ ಗೊತ್ತಾಗುತ್ತಿರಲಿಲ್ಲ.

ಈಗ ಮೂರು ಲೀಟರಿಗೆ ಇಳಿಸಿದ್ದೇವೆ. ಒಬ್ಬರಿಗೆ ದಿನಕ್ಕೆ 135ರಷ್ಟು ಕಡಿಮೆ. ಡಬ್ಬಿ ಬಗ್ಗಿಸಿ ಹಾಕುವುದು ಬಿಟ್ಟೆ, ಚಮಚದಿಂದ ಹಾಕುತ್ತೇನೆ. ನಮ್ಮ ಅತ್ತೆ ಮೊದಲ ವಾರವೇ ಹೇಳಿದರು, “ಎಣ್ಣಿ ತೇಲದಿದ್ರ ಅದೆಂಥಾ ಎಣಗಾಯಿ?” ಅವರು ಹೇಳಿದ್ದು ಸರಿ. ಎಣಗಾಯಿಗೆ ಕೈ ಹಚ್ಚಲಿಲ್ಲ. ವಾರಕ್ಕೊಮ್ಮೆ ಅದು ತನ್ನ ಎಣ್ಣೆ ಸಮೇತ ಆಗುತ್ತದೆ. ಕಡಿಮೆ ಮಾಡಿದ್ದು ಬೆಳಗಿನ ಅವಲಕ್ಕಿಯಲ್ಲಿ, ಚಪಾತಿಯಲ್ಲಿ, ದಿನದ ಪಲ್ಯದ ಒಗ್ಗರಣೆಯಲ್ಲಿ. ಮಕ್ಕಳಿಗೆ ಫರಕ್ ಗೊತ್ತೇ ಆಗಲಿಲ್ಲ.

ಚಿಗವ್ವನ ಮನೆಯಲ್ಲೂ ಈಗ ಡಬ್ಬಿ ಒಡೆದ ದಿನ ಅದರ ಮೇಲೆ ತಾರೀಖು ಬರೆಯುತ್ತಾರೆ. ಮೊನ್ನೆ ಫೋನ್ ಮಾಡಿದ್ದಳು. ಈ ಸಲದ ಡಬ್ಬಿ ಮೂವತ್ತೆಂಟು ದಿನ ಬಂತಂತೆ. ಬೆಳಿಗ್ಗೆ ಊಟ ಮಾಡಿದೆಯಾ ಎಂದು ಕೇಳಿದೆ. ಎರಡು ಬಿಸಿ ರೊಟ್ಟಿ ಉಂಡು ಕೂತಿದ್ದೇನೆ ಅಂದಳು.