ಪಿಕಪ್ಪಿನ ಗೂಡಿಗೆ ಲೈಟ್ ಹಾಕಿದ್ದು, ಮೂರು ಸಲ

ನಮ್ಮ ಪಿಕಪ್ಪಿನ ಬೆಡ್ಡನ್ನ, ಅಂದ್ರೆ ಹಿಂದೆ ಸಾಮಾನು ಹಾಕೋ ತೊಟ್ಟಿನ, ಮಲಗೋಕಾಗೋ ಕ್ಯಾಂಪರ್ ಮಾಡ್ಕೊಂಡು ಎರಡು ವರ್ಷ ಆಯ್ತು. ಪ್ಲೈವುಡ್ ಪ್ಲಾಟ್‌ಫಾರಂ, ಹಾಸಿಗೆ, ಡ್ರಾಯರು, ಕಿಟಕಿಗೆ ಪರದೆ ಎಲ್ಲಾ ಒಂದೇ ತಿಂಗಳಲ್ಲಿ ಮುಗೀತು, ಲೈಟಿಂಗ್ ಮಾತ್ರ ಮೂರು ಸಲ ಕಿತ್ತು ಮೂರು ಸಲ ಹಾಕ್ದೆ. ಈಗ ಕೆಲವು ತಿಂಗಳಿಂದ ಏನೂ ತೊಂದ್ರೆ ಕೊಟ್ಟಿಲ್ಲ, ಅದಕ್ಕೇ ಕೂತು ಬರೀತಿದೀನಿ. ನಾನು ಶುರು ಮಾಡಿದಾಗ ಕೇಳಿದವ್ರೆಲ್ಲಾ ಎಷ್ಟು ಬೆಳಕು ಬರತ್ತೆ ಅಂತ ಹೇಳ್ತಿದ್ರೇ ಹೊರತು, ಲೈಟ್ ಹಾಕಿದ್ಮೇಲೆ ಕಿಟಕಿ ಆಚೆ ಏನಾದ್ರೂ ಕಾಣತ್ತಾ ಅನ್ನೋದನ್ನ ಒಬ್ರೂ ಹೇಳ್ಲಿಲ್ಲ. ನನಗೆ ಈಗ ಅದೇ ಮುಖ್ಯ ಅನ್ಸತ್ತೆ.

ಮೊದ್ಲು ಗಾಡಿ. 2012ರ ಟೊಯೊಟಾ ಟಕೋಮಾ, ಡಬಲ್ ಕ್ಯಾಬ್, ಉದ್ದದ ಬೆಡ್ಡು, ಅಂದ್ರೆ ಆರಡಿ ಚಿಲ್ಲರೆ. ಮೇಲೆ ಸೆಕೆಂಡ್ ಹ್ಯಾಂಡ್ ಫೈಬರ್‌ಗ್ಲಾಸ್ ಶೆಲ್ಲು, ಅಂದ್ರೆ ಬೆಡ್ಡನ್ನ ಮುಚ್ಚೋ ಗಟ್ಟಿ ಗೂಡು, ಎರಡೂ ಪಕ್ಕ ಕಿಟಕಿ, ಹಿಂದೆ ಎತ್ತೋ ಗಾಜಿನ ಬಾಗಿಲು. ಒಳಗೆ ಪ್ಲಾಟ್‌ಫಾರಂ ಮೇಲೆ ನೆಟ್ಟಗೆ ಕೂತ್ರೆ ತಲೆ ಸೂರಿಗೆ ತಾಗತ್ತೆ, ಇಬ್ರು ಮಲಗ್ಬೋದು. ನಮ್ಮನೆಯವ್ರಿಗೆ ವಾರಾಂತ್ಯ ಡ್ಯೂಟಿ ಬಿದ್ದಾಗೆಲ್ಲಾ ನಾನು ಮಗಳು ಇಬ್ರೇ ಹೊರಡ್ತೀವಿ. ಇರೋದು ಅರಿಜೋನಾದ ಫೀನಿಕ್ಸಲ್ಲಿ, ಊರು ಸಮುದ್ರ ಮಟ್ಟದಿಂದ ಸಾವಿರದ ನೂರಡಿ ಮೇಲೆ ಅಷ್ಟೇ, ಬೇಸಿಗೆಲಿ 110 ಫ್ಯಾರನ್‌ಹೀಟ್ ಮಾಮೂಲು. 87ನೇ ರಸ್ತೆ ಹಿಡಿದು ಪೇಸನ್ ದಾಟಿ ಮೊಗೊಯಾನ್ ರಿಮ್ ಅನ್ನೋ ಎತ್ತರದ ಬೆಟ್ಟದಂಚು ಹತ್ತಿಬಿಟ್ರೆ ಏಳು ಸಾವಿರ ಅಡಿ ಎತ್ತರ, ಪಾಂಡರೋಸಾ ಪೈನ್ ಕಾಡು, ರಾತ್ರಿ ಸ್ವೆಟರ್ ಬೇಕು. ನಮ್ಮ ಮಲ್ನಾಡಿನ ಘಾಟಿ ಹತ್ತಿದಾಗ ಗಾಳಿ ಬದ್ಲಾಗೋ ಜಾಗ ಇರತ್ತಲ್ಲ, ಹಾಗೇ ಇಲ್ಲೂ ಒಂದು ತಿರುವಲ್ಲಿ ಕಿಟಕಿ ಇಳಿಸಿ ಕೈ ಹೊರಗೆ ಹಾಕಿದ್ರೆ ಗೊತ್ತಾಗ್ಬಿಡತ್ತೆ.

ಮಗಳಿಗೆ ಕತ್ಲು ಅಂದ್ರೆ ಭಯ. ಆಗ ಅವಳಿಗೆ ಎಂಟು ವರ್ಷ. ಕಾಡಲ್ಲಿ ಮಲಗ್ಬೇಕಂದ್ರೆ ಒಳಗೆ ತುಂಬಾ ಲೈಟ್ ಇರ್ಬೇಕು ಅಂದ್ಲು, ನಾನೂ ಸರಿ ಅಂತ ಐದು ಮೀಟರ್ ಎಲ್‌ಇಡಿ ಸ್ಟ್ರಿಪ್ಪಿನ ಒಂದು ರೀಲ್ ತಂದೆ, 5050 ಅನ್ನೋ ಅಳತೆಯ ಚಿಪ್ಪಿಂದು, ಅಚ್ಚ ಬಿಳಿ, 6500 ಕೆಲ್ವಿನ್ (ಇದು ಬೆಳಕಿನ ಬಣ್ಣದ ಅಳತೆ, ಅಂಕಿ ಇಳಿದಷ್ಟೂ ಹಳದಿ). ಕತ್ತರಿಸೋದೂ ಬೇಡ ಅಂತ ಪೂರ್ತಿ ಐದು ಮೀಟರನ್ನೂ ಸೂರಿನ ಸುತ್ತ ಅಂಟಿಸಿ ಗಾಡಿಯ ಬ್ಯಾಟರಿಗೇ ವೈರ್ ಎಳೆದೆ. ಮೊದಲ ರಾತ್ರಿ ಸ್ವಿಚ್ ಹಾಕಿದಾಗ ಆಪರೇಷನ್ ಥಿಯೇಟರ್ ಥರ ಬೆಳಕು, ಅವಳಿಗೆ ಖುಷಿ, ಆದ್ರೆ ಕಿಟಕಿ ಕಡೆ ತಿರುಗಿದ್ರೆ ಗಾಜಲ್ಲಿ ನಮ್ಮಿಬ್ರ ಮುಖ ಬಿಟ್ರೆ ಬೇರೇನೂ ಇಲ್ಲ. ಹೊರಗೆ ಒಂದು ಕೊಂಬೆ ಮುರಿದ ಸದ್ದಾಯ್ತು, ಏನದು ಏನದು ಅಂತ ಅವಳು ಗಾಜಿಗೆ ಮೂಗು ಒತ್ತಿದ್ಲು, ಕಾಣ್ಲಿಲ್ಲ, ಹೆದರಿಕೆ ಇನ್ನೂ ಜಾಸ್ತಿ ಆಯ್ತು. ಲೈಟ್ ಆರಿಸೋಕೆ ಬಿಡ್ಲೇ ಇಲ್ಲ, ಉರೀತಿದ್ದ ಹಾಗೇ ನಿದ್ದೆ ಹೋದ್ವಿ.

ಬೆಳಗ್ಗೆ ಗಾಡಿ ಸ್ಟಾರ್ಟ್ ಆಗ್ಲಿಲ್ಲ. ಲೆಕ್ಕ ಮೊದ್ಲೇ ಹಾಕಿದ್ರೆ ಗೊತ್ತಾಗ್ತಿತ್ತು. ಆ ಸ್ಟ್ರಿಪ್ಪು ಮೀಟರಿಗೆ 14.4 ವ್ಯಾಟ್, ಐದು ಮೀಟರಿಗೆ 72 ವ್ಯಾಟ್, 12 ವೋಲ್ಟಲ್ಲಿ ಆರು ಆಂಪ್. ಎಂಟು ಗಂಟೆ ಅಂದ್ರೆ 48 ಆಂಪ್ ಅವರ್ (ಆಂಪನ್ನ ಗಂಟೆಯಿಂದ ಗುಣಿಸಿದ್ದು, ಬ್ಯಾಟರಿ ಲೆಕ್ಕ ಹಾಕೋದು ಹೀಗೇ), ನಾಕು ವರ್ಷ ಹಳೇ ಸ್ಟಾರ್ಟರ್ ಬ್ಯಾಟರಿಲಿ ಅಷ್ಟು ಎಲ್ಲಿರತ್ತೆ. ಫೋನಿಗೆ ಸಿಗ್ನಲ್ ಇಲ್ಲ, ಮಗು ಜೊತೆಲಿ, ಕಾಡುರಸ್ತೆಲಿ ಒಂದೂವರೆ ಮೈಲಿ ನಡೆದು ಇನ್ನೊಂದು ಕ್ಯಾಂಪಲ್ಲಿದ್ದ ವಯಸ್ಸಾದ ದಂಪತಿನ ಕೇಳ್ದೆ, ಅವ್ರು ಕಾಫಿ ಅಲ್ಲೇ ಬಿಟ್ಟು ಬಂದು ಅವ್ರ ಬ್ಯಾಟರಿಯಿಂದ ಕೇಬಲ್ ಹಾಕಿ ಜಂಪ್ ಕೊಟ್ರು. ಆವತ್ತೇ ನಿರ್ಧಾರ ಮಾಡಿದ್ದು, ಮಲಗೋ ಕಡೆಯ ಲೈಟಿಗೂ ಗಾಡಿ ಸ್ಟಾರ್ಟ್ ಮಾಡೋ ಬ್ಯಾಟರಿಗೂ ಇನ್ಮೇಲೆ ಸಂಬಂಧ ಇರ್ಬಾರ್ದು ಅಂತ. ಇದೊಂದನ್ನ ಮಾತ್ರ ಯಾರೇ ಕೇಳಿದ್ರೂ ಗಟ್ಟಿಯಾಗಿ ಹೇಳ್ತೀನಿ.

ಎರಡನೇ ಸಲ ಬೆಡ್ಡೊಳಗೇ ಪ್ರತ್ಯೇಕ ಬ್ಯಾಟರಿ ಇಟ್ಟೆ, 12 ವೋಲ್ಟ್ 20 ಆಂಪ್ ಅವರಿನ ಲಿಥಿಯಂ ಐರನ್ ಫಾಸ್ಫೇಟು. ಒಳಗೆ 3.2 ವೋಲ್ಟಿನ ನಾಕು ಸೆಲ್ಲು, ಒಟ್ಟು 12.8, ಸುಮಾರು 256 ವ್ಯಾಟ್ ಅವರ್. ಮಡಚೋ ಸೋಲಾರ್ ಪ್ಯಾನಲ್ಲಿಂದ ಚಾರ್ಜು. ಈ ಬ್ಯಾಟರಿನ ಸೊನ್ನೆ ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗಿದ್ದಾಗ ಚಾರ್ಜ್ ಮಾಡ್ಬಾರ್ದು, ರಿಮ್ ಮೇಲೆ ಅಕ್ಟೋಬರಲ್ಲೇ ಬೆಳಗ್ಗೆ ಹಿಮ ಕಟ್ಟಿರತ್ತೆ, ಹಾಗಾಗಿ ಬಿಸಿಲು ಏರಿ ಒಳಗೆ ಬೆಚ್ಚಗಾಗೋ ತನಕ ಪ್ಯಾನಲ್ ಪ್ಲಗ್ ಹಾಕಲ್ಲ. ಸ್ಟ್ರಿಪ್ಪೂ ಬದಲಾಯ್ಸಿದೆ, 2835 ಚಿಪ್ಪು, 3000 ಕೆಲ್ವಿನ್ ಅರಿಶಿನದ ಬೆಳಕು, ಮೀಟರಿಗೆ 4.8 ವ್ಯಾಟ್. ಪಕ್ಕಕ್ಕೆ ಒಂದೂವರೆ ಮೀಟರಿನ ಹಾಗೆ ಎರಡು ತುಂಡು, ಒಟ್ಟು 14.4 ವ್ಯಾಟ್, ಮೊದಲನೇದರ ಐದನೇ ಒಂದು ಭಾಗ. ಮೀಟರಿಗೆ ಅರವತ್ತು ಎಲ್‌ಇಡಿ ಇರೋ ಸ್ಟ್ರಿಪ್ಪಲ್ಲಿ ಐದೈದು ಸೆಂಟಿಮೀಟರಿಗೆ ತಾಮ್ರದ ಚುಕ್ಕಿ ಇರತ್ತೆ, ಅಲ್ಲೇ ಕತ್ತರಿಸ್ಬೇಕು, ಬೇರೆಲ್ಲಿ ಕತ್ತರಿಸಿದ್ರೂ ಆ ಮೂರು ಎಲ್‌ಇಡಿ ಹೋದ ಹಾಗೇ.

ಅದೂ ನಿಲ್ಲಲಿಲ್ಲ. ಫೀನಿಕ್ಸಿನ ಜೂನಲ್ಲಿ ಮುಚ್ಚಿದ ಶೆಲ್ಲೊಳಗೆ ಎಂಥಾ ಬಿಸಿ ಅಂತ ಇಲ್ಲಿರೋವ್ರಿಗೆ ಗೊತ್ತು, ಸ್ಟ್ರಿಪ್ಪಿನ ಹಿಂದೆ ಕಂಪನಿಯವ್ರು ಹಚ್ಚಿರೋ ಅಂಟು ಒಂದು ವಾರದಲ್ಲಿ ಮೇಣದ ಹಾಗೆ ಸಡಿಲ ಆಗಿ ಪೂರ್ತಿ ಹಾಸಿಗೆ ಮೇಲೆ ಬಿತ್ತು. ಒಳಗಡೆ ಸೂರಿಗೆ ಕಾರ್ಪೆಟ್ ಥರದ ಬಟ್ಟೆ ಹೊದಿಸಿರೋದ್ರಿಂದ ಬೇರೆ ಟೇಪೂ ಕಚ್ಕೊಳಲ್ಲ. ಅಷ್ಟರಲ್ಲೇ ಇನ್ನೊಂದು ಆಯ್ತು, ಅದು ಗಂಭೀರ. ವೈರು ಶೆಲ್ಲನ್ನ ಹಿಡಿದಿಡೋ ಅಲ್ಯೂಮಿನಿಯಂ ಕ್ಲಾಂಪಿನ ಅಂಚಲ್ಲಿ ಹಾದು ಹೋಗ್ತಿತ್ತು, ಕಾಡುರಸ್ತೆಯ ಏಣು ಏಣು ಮಣ್ಣಲ್ಲಿ ಗಾಡಿ ಗಡಗಡ ಅಂತ ನಡುಗಿ ನಡುಗಿ ಒಳಗಿನ ಎರಡೂ ತಂತಿಯ ಇನ್ಸುಲೇಷನ್ ಸವೆದು, ಪ್ಲಸ್ಸೂ ಮೈನಸ್ಸೂ ಒಂದೇ ಕ್ಲಾಂಪಿಗೆ ತಾಗಿ ಶಾರ್ಟ್ ಆಯ್ತು. ಟಪ್ ಅಂತ ಕತ್ಲು. ಅಷ್ಟೇ ಆಗಿದ್ದು, ಯಾಕಂದ್ರೆ ಬ್ಯಾಟರಿಯ ಪ್ಲಸ್ಸಿಂದ ಒಂದು ಗೇಣಿನೊಳಗೆ ಐದು ಆಂಪಿನ ಫ್ಯೂಸ್ ಹಾಕಿದ್ದೆ, ಆ ತಿಳಿ ಕಂದು ಬಣ್ಣದ ಪುಟ್ಟ ಬ್ಲೇಡ್ ಫ್ಯೂಸು. ಅದು ಇರ್ದೇ ಇದ್ದಿದ್ರೆ ಲಿಥಿಯಂ ಬ್ಯಾಟರಿ ಆ ಸಣ್ಣ ವೈರಿಗೆ ನೂರಾರು ಆಂಪ್ ನುಗ್ಗಿಸೋಕೆ ನೋಡ್ತಿತ್ತು, ವೈರ್ ಕೆಂಪಗೆ ಕಾಯೋದು ಮಗಳು ಮಲಗೋ ಹಾಸಿಗೆಯ ಕೆಳಗೆ. ಫ್ಯೂಸ್ ಇರೋದು ಲೈಟ್ ಉಳಿಸೋಕಲ್ಲ, ವೈರ್ ಉಳಿಸೋಕೆ. ಹಾಗಾಗಿ ಅದು ಬ್ಯಾಟರಿ ಹತ್ರ ಇರ್ಬೇಕು, ಲೈಟ್ ಹತ್ರ ಹಾಕಿದ್ರೆ ಮಧ್ಯದ ವೈರಿಗೆ ಯಾವ ರಕ್ಷಣೆನೂ ಇಲ್ಲ. ಅವತ್ತು ರಾತ್ರಿ ಸವೆದ ಆ ತುಂಡನ್ನ ಕೈಯಲ್ಲಿ ಹಿಡ್ಕೊಂಡು ಬಹಳ ಹೊತ್ತು ಕೂತಿದ್ದೆ.

ಮೂರನೇ ಸಲ ಅವಸರ ಮಾಡ್ಲಿಲ್ಲ. ಸ್ಟ್ರಿಪ್ಪನ್ನ ಅಲ್ಯೂಮಿನಿಯಂ ಚಾನಲ್ಲೊಳಗೆ ಕೂರಿಸಿದೆ, ಮೇಲೆ ಹಾಲುಬಣ್ಣದ ಮುಚ್ಚಳ, ಇದರಿಂದ ಚುಕ್ಕಿ ಚುಕ್ಕಿ ಕಾಣಲ್ಲ, ಸ್ಟ್ರಿಪ್ಪಿನ ಬಿಸಿಯನ್ನೂ ಲೋಹ ಎಳ್ಕೊಳತ್ತೆ. ಚಾನಲ್ಲಿನ ಬೆನ್ನನ್ನ ಐಸೊಪ್ರೊಪೈಲ್ ಆಲ್ಕೋಹಾಲಲ್ಲಿ ಒರೆಸಿ ತ್ರೀಎಂ ಕಂಪನಿಯ ವಿಎಚ್‌ಬಿ ಅನ್ನೋ ಗಟ್ಟಿ ಎರಡು ಬದಿಯ ಟೇಪಿಂದ ಅಗಲದ ವೆಲ್ಕ್ರೋ ಪಟ್ಟಿ ಅಂಟಿಸಿ, ಮೂರು ದಿನ ಮನೆಯೊಳಗೇ ಒಣಗೋಕೆ ಬಿಟ್ಟೆ, ಆ ಟೇಪು ಪೂರ್ತಿ ಬಿಗಿ ಆಗೋಕೆ 72 ಗಂಟೆ ಬೇಕು. ವೆಲ್ಕ್ರೋದ ಕೊಕ್ಕೆ ಇರೋ ಕಡೆ ಆ ಕಾರ್ಪೆಟ್ ಬಟ್ಟೆಗೆ ನೇರವಾಗಿ ಕಚ್ಕೊಳತ್ತೆ, ಎರಡನೇ ಪಟ್ಟಿನೇ ಬೇಡ! ಬೇಡ ಅಂದಾಗ ಪರ್ ಅಂತ ಕೀಳ್ಬೋದು, ಶೆಲ್ಲಿಗೆ ಒಂದೇ ಒಂದು ತೂತೂ ಇಲ್ಲ.

ವೋಲ್ಟೇಜಿನ ವಿಷಯ ಸ್ವಲ್ಪ ನಿಧಾನಕ್ಕೆ ಹೇಳ್ಬೇಕು, ನನಗೆ ಅರ್ಥ ಆಗೋಕೆ ಸಮಯ ಹಿಡೀತು. 12 ವೋಲ್ಟಿನ ಸ್ಟ್ರಿಪ್ಪಲ್ಲಿ ಮೂರು ಎಲ್‌ಇಡಿ ಸಾಲಾಗಿ ಇರತ್ತೆ, ಜೊತೆಗೆ ಕರೆಂಟನ್ನ ಮಿತಿಲಿ ಇಡೋ ಒಂದು ರೆಸಿಸ್ಟರ್. ಮೂರೂ ಸೇರಿ ಸುಮಾರು ಒಂಬತ್ತು ವೋಲ್ಟ್ ತಗೊಳತ್ತೆ, ಮಿಕ್ಕ ಮೂರು ರೆಸಿಸ್ಟರ್ ಮೇಲೆ. ಸೋಲಾರ್ ಚಾರ್ಜ್ ಆಗ್ತಿರುವಾಗ ಬ್ಯಾಟರಿ 14.4ರ ತನಕ ಏರತ್ತೆ, ಏರಿದ್ದು 2.4 ತಾನೇ ಅನ್ಸತ್ತೆ, ಆದ್ರೆ ಎಲ್‌ಇಡಿ ತನ್ನ ಒಂಬತ್ತರ ಆಸುಪಾಸಲ್ಲೇ ಇರೋದ್ರಿಂದ ಆ ಏರಿಕೆ ಬಹುಪಾಲು ರೆಸಿಸ್ಟರಿಗೇ ಬೀಳತ್ತೆ, ಅದು ಮೂರರಿಂದ ಐದು ಚಿಲ್ಲರೆ ಆಗತ್ತೆ, ಕರೆಂಟೂ ಅದೇ ಅನುಪಾತದಲ್ಲಿ ಒಂದೂಮುಕ್ಕಾಲು ಪಟ್ಟು ಹತ್ರ ಹೋಗತ್ತೆ. ಸ್ಟ್ರಿಪ್ ಕಾದು ಬೇಗ ಮಂಕಾಗೋದು ಹೀಗೆ. ಅದಕ್ಕೆ ಮಧ್ಯದಲ್ಲಿ ಒಂದು ಸಣ್ಣ ಸ್ಟೆಬಿಲೈಸರ್ ಡಬ್ಬಿ ಹಾಕಿದೀನಿ, ಒಳಗೆ ಎಷ್ಟೇ ಬರ್ಲಿ ಹೊರಗೆ ಸರಿಯಾಗಿ 12. ಬ್ಯಾಟರಿ, ಫ್ಯೂಸು, ಸ್ಟೆಬಿಲೈಸರು, ಆಮೇಲೆ ಬೆಳಕು ಹೆಚ್ಚು ಕಡಿಮೆ ಮಾಡೋ ಡಿಮ್ಮರು, ಕೊನೆಗೆ ಸ್ಟ್ರಿಪ್ಪು, ಇದೇ ಕ್ರಮ. ಡಿಮ್ಮರನ್ನ ಸ್ಟೆಬಿಲೈಸರಿಗಿಂತ ಮುಂಚೆ ಹಾಕ್ಬೇಡಿ, ಡಿಮ್ಮರ್ ಮಾಡೋದು ಕರೆಂಟನ್ನ ಪಟಪಟ ಅಂತ ಹಚ್ಚಿ ಆರಿಸೋದು, ಅದನ್ನ ಆ ಡಬ್ಬಿಗೆ ಕೊಟ್ರೆ ಅದು ತಬ್ಬಿಬ್ಬಾಗತ್ತೆ. ತೀರಾ ಅಗ್ಗದ ಡಿಮ್ಮರಾದ್ರೆ ಆ ಪಟಪಟ ನಿಧಾನ ಇರತ್ತೆ, ಫೋನ್ ಕ್ಯಾಮೆರಾಲಿ ನೋಡಿದ್ರೆ ಪಟ್ಟೆ ಪಟ್ಟೆ ಓಡೋದು ಕಾಣತ್ತೆ, ನನಗೆ ಓದುವಾಗ ತಲೆನೋವೇ ಬಂತು, ಬದಲಾಯ್ಸಿದೆ.

ವೈರ್ ಜೋಡಣೆಗಳೆಲ್ಲಾ ಕ್ರಿಂಪು, ಅಂದ್ರೆ ಲೋಹದ ತೋಳಲ್ಲಿ ಒತ್ತಿ ಹಿಡಿಸಿದ್ದು, ಬಿಸಿ ಮಾಡಿದ್ರೆ ಕುಗ್ಗಿ ಬಿಗಿಯಾಗೋ, ಒಳಗೆ ಅಂಟಿರೋ ಹೀಟ್ ಶ್ರಿಂಕ್ ಜಾತಿದು, ಒಂದೊಂದನ್ನೂ ಜೋರಾಗಿ ಎಳೆದು ನೋಡಿದೀನಿ. ಸ್ಟ್ರಿಪ್ಪಿನ ತುದಿಗೆ ಮಾತ್ರ ಬೆಸುಗೆ, ಕ್ಲಿಪ್ ಕನೆಕ್ಟರ್ ಅಲುಗಾಟಕ್ಕೆ ಸಡಿಲ ಆಗತ್ತೆ. ಬೆಸುಗೆ ಹತ್ರ ವೈರ್ ಬಾಗದ ಹಾಗೆ ಕಟ್ಟಿದೀನಿ, ಮುರಿದ್ರೆ ಅಲ್ಲೇ ಮುರಿಯೋದು. ಪ್ಲೈವುಡ್ ದಾಟೋ ಕಡೆ ವೈರ್ ಸವೆಯದ ಹಾಗೆ ತೂತಿಗೆ ರಬ್ಬರ್ ಗ್ರೊಮೆಟ್ಟು ಅನ್ನೋ ಬಳೆ, ಕ್ಲಾಂಪಿನ ದಾರಿನೇ ಬಿಟ್ಟೆ.

ಇಷ್ಟೆಲ್ಲಾ ಆದ್ಮೇಲೂ ಚಾನಲ್ಲನ್ನ ಎಲ್ಲಿಗೆ ಮುಖ ಮಾಡಿಸ್ಬೇಕು ಅನ್ನೋದು ಉಳಿದಿತ್ತು. ಚಿಕ್ಕವಳಿದ್ದಾಗ ಬೆಂಗ್ಳೂರಿಂದ ತೀರ್ಥಹಳ್ಳಿಗೆ ನೈಟ್ ಬಸ್ಸಲ್ಲಿ ಹೋಗ್ತಿದ್ದಾಗ, ಟಿಕೆಟ್ ಹರಿದು ಮುಗಿಸಿ ಕಂಡಕ್ಟರ್ ಒಳಗಿನ ಲೈಟೆಲ್ಲಾ ಆರಿಸಿ ಆ ಸಣ್ಣ ನೀಲಿ ಬಲ್ಬ್ ಒಂದನ್ನ ಬಿಡ್ತಿದ್ರು. ಯಾರಾದ್ರೂ ಬ್ಯಾಗ್ ಹುಡ್ಕೋಕೆ ದೊಡ್ಡ ಲೈಟ್ ಹಾಕ್ಸಿದ್ರೆ ಡ್ರೈವರ್ ಮುಂದಿಂದ್ಲೇ ಆರ್ಸ್ರೀ ಅಂತ ಕೂಗ್ತಿದ್ರು, ಗಾಜಲ್ಲಿ ಒಳಗಿನದೇ ಕಂಡು ರಸ್ತೆ ಕಾಣಲ್ಲ ಅವ್ರಿಗೆ. ನೀಲಿ ಬಲ್ಬ್ ಉಳಿದ ಕೂಡ್ಲೇ ನನ್ನ ಕಿಟಕಿಲೂ ಆಚೆ ಮರ, ಕೆರೆ ಮೇಲಿನ ಬೆಳುದಿಂಗಳು ಎಲ್ಲಾ ಎದ್ದು ಬರ್ತಿತ್ತು. ಇಲ್ಲಿ ಹತ್ರದ ಫ್ಲ್ಯಾಗ್‌ಸ್ಟಾಫ್ ಊರಿನವ್ರಿಗೆ ಇದು ಬಹಳ ಹಿಂದೆನೇ ಗೊತ್ತಿತ್ತು, 1930ರಲ್ಲಿ ಪ್ಲೂಟೊ ಕಂಡುಹಿಡಿದ ಲೋವೆಲ್ ವೀಕ್ಷಣಾಲಯ ಅಲ್ಲೇ ಇರೋದು, 1958ರಲ್ಲೇ ಊರ ಬೆಳಕಿಗೆ ಕಾನೂನು ಮಾಡ್ಕೊಂಡ್ರು, 2001ರಲ್ಲಿ ಜಗತ್ತಿನ ಮೊದಲ ಅಂತಾರಾಷ್ಟ್ರೀಯ ಡಾರ್ಕ್ ಸ್ಕೈ ನಗರ, ಅಂದ್ರೆ ರಾತ್ರಿ ಆಕಾಶದ ಕತ್ತಲನ್ನ ಕಾಪಾಡೋ ಊರು, ಅನ್ನಿಸ್ಕೊಳ್ತು. ಅಲ್ಲಿನ ಬೀದಿದೀಪಕ್ಕೆ ಟೋಪಿ ಹಾಕಿದ ಹಾಗಿರತ್ತೆ, ಬೆಳಕು ನೆಲಕ್ಕೆ ಬೀಳತ್ತೆ, ಕಣ್ಣಿಗಲ್ಲ.

ಹಾಗಾಗಿ ನಮ್ಮ ಎರಡೂ ಚಾನಲ್ಲನ್ನ ಕಿಟಕಿಗಿಂತ ಮೇಲೆ, ಸೂರಿನ ಕಡೆ ಮುಖ ಮಾಡಿಸಿ ಹಾಕಿದೆ, ಬೆಳಕು ಸೂರಿಗೆ ಬಡಿದು ಮೆತ್ತಗೆ ಕೆಳಗಿಳಿಯತ್ತೆ. ಬಟ್ಟೆ ಹುಡ್ಕುವಾಗ ಪೂರ್ತಿ, ಮಿಕ್ಕ ಹೊತ್ತು ಐದನೇ ಒಂದು ಭಾಗ, ಅಂದ್ರೆ ಮೂರು ವ್ಯಾಟ್. ಸಂಜೆ ನಾಕು ಗಂಟೆ ಉರಿದ್ರೂ ಬ್ಯಾಟರಿಲಿ 12 ವ್ಯಾಟ್ ಅವರ್ ಖರ್ಚು, 256ರಲ್ಲಿ ಅದು ಲೆಕ್ಕಕ್ಕೇ ಇಲ್ಲ. ಓದೋಕೆ ತಲೆದಿಂಬಿನ ಪಕ್ಕ ಬಾಗೋ ಕತ್ತಿನ ಸಣ್ಣ ದೀಪ. ಕಾಲ ಹತ್ರ ಪ್ಲಾಟ್‌ಫಾರಂ ಅಂಚಿನ ಕೆಳಗೆ ಒಂದಡಿ ಕೆಂಪು ಸ್ಟ್ರಿಪ್ಪು, ಬೇರೆ ಸ್ವಿಚ್ಚು. ಕಣ್ಣು ಕತ್ತಲಿಗೆ ಹೊಂದ್ಕೊಳೋಕೆ ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು, ಬಿಳಿ ಲೈಟ್ ಒಂದು ಕ್ಷಣ ಹಾಕಿದ್ರೆ ಎಲ್ಲಾ ಹೋಯ್ತು, ಮಂದ ಕೆಂಪಿಗೆ ಅಷ್ಟು ಕೆಡಲ್ಲ, ರಾತ್ರಿ ಹೊತ್ತು ಕಣ್ಣಲ್ಲಿ ಕೆಲಸ ಮಾಡೋ ಕೋಶಗಳಿಗೆ ಕೆಂಪು ಸರಿಯಾಗಿ ಕಾಣೋದೇ ಇಲ್ಲ.

ಮಗಳಿಗೆ ಮೊದಲ ರಾತ್ರಿ ಕೆಂಪು ಲೈಟ್ ಮಾತ್ರ ಬಿಟ್ಟಾಗ ಅಳು ಬಂತು, ಸುಳ್ಳು ಹೇಳಲ್ಲ. ಹತ್ತು ನಿಮಿಷ ಕಿಟಕಿ ನೋಡ್ಕೊಂಡೇ ಇರು, ಆಮೇಲೂ ಬೇಕಂದ್ರೆ ದೊಡ್ಡದು ಹಾಕ್ತೀನಿ ಅಂದೆ. ಕೈ ಹಿಡ್ಕೊಂಡು ಮಲಗಿದ್ವಿ. ಮೊದ್ಲು ಮರದ ತುದಿ ಕಾಣ್ತು ಅಂದ್ಲು, ಆಮೇಲೆ ನಮ್ಮ ಮಡಚೋ ಕುರ್ಚಿ, ಆಮೇಲೆ ನಕ್ಷತ್ರ ಎಣಿಸೋಕೆ ಶುರು ಮಾಡಿದ್ಲು. ಕಳೆದ ತಿಂಗಳು ರಾತ್ರಿ ಎರಡು ಗಂಟೆಗೆ ಅವಳೇ ನನ್ನ ಭುಜ ಅಲುಗಾಡ್ಸಿ ಎಬ್ಬಿಸಿದ್ಲು, ಅಮ್ಮಾ ಲೈಟ್ ಹಾಕ್ಬೇಡ ಅಂತ ಪಿಸುಗುಟ್ಟಿದ್ಲು. ಗಾಜಿನಾಚೆ ಮೂರು ಎಲ್ಕ್ ನಿಂತಿತ್ತು, ಕಡವೆ ಥರ ಆದ್ರೆ ಇನ್ನೂ ದೊಡ್ಡದು, ಒಂದರ ಉಸಿರು ಹೊಗೆ ಹೊಗೆ ಕಾಣೋಷ್ಟು ಹತ್ರ.

ಟೇಲ್‌ಗೇಟ್, ಅಂದ್ರೆ ಬೆಡ್ಡಿನ ಹಿಂದೆ ಕೆಳಗೆ ಬೀಳಿಸೋ ಬಾಗಿಲ ಹಲಗೆ, ಅದರ ಮೇಲೆ ಅಡುಗೆ ಮಾಡೋ ಕಡೆಗೆ ಲೈಟ್ ಇನ್ನೂ ಹಾಕಿಲ್ಲ, ಅದಕ್ಕೆ ಅಂತ ಎರಡಡಿ ವೈರ್ ಸುರುಳಿ ಸುತ್ತಿ ತುದಿಗೆ ಟೇಪ್ ಹಾಕಿ ಮೂಲೆಲಿ ಬಿಟ್ಟಿದೀನಿ. ಬಿಳಿ ಲೈಟಿಗೆ ಹುಳು ಮುತ್ತತ್ತೆ ಅಂತ ಅಲ್ಲಿಗೆ ಹಳದಿ ಹುಡ್ಕ್ತಿದೀನಿ, ಮೇಲಿಂದ ಕೆಳಗೆ ಒಲೆ ಮೇಲಷ್ಟೇ ಬೀಳೋ ಹಾಗೆ, ಪಕ್ಕದ ಕ್ಯಾಂಪಿನವ್ರ ಕಣ್ಣಿಗೆ ಹೊಡೀದ ಹಾಗೆ. ಎತ್ತೋ ಬಾಗಿಲಿಗೆ ಹೋಗೋ ವೈರು ಸಾವಿರ ಸಲ ಬಾಗಿದ್ರೂ ತುಂಡಾಗದ ಹಾಗೆ ಯಾರಾದ್ರೂ ಮಾಡಿದ್ರೆ ಯಾವ ಜಾತಿ ವೈರು ಬಳಸಿದ್ರಿ ಅಂತ ತಿಳಿಸಿ.