ಬೋಳು ಕಡ್ಡಿಯಲ್ಲೂ ಹೂವಿರುತ್ತದೆ

ತೋಟ ನೋಡಿಕೊಳ್ಳುವುದು ನನ್ನ ಕೆಲಸ. ಬೆಂಗಳೂರಿನಲ್ಲಿದ್ದಾಗ ಜನವರಿ ಬಂತೆಂದರೆ ಕ್ರೇಪ್ ಮಿರ್ಟಲ್ ಅನ್ನುವ ಹೂಗಿಡದ ಕಡ್ಡಿ ಕತ್ತರಿಸಿ ಸವರುತ್ತಿದ್ದೆ. ಚಳಿಗೆ ಎಲೆಯೆಲ್ಲ ಉದುರಿ ಗಿಡ ಬೋಳಾಗಿರುತ್ತದೆ. ಪೆನ್ಸಿಲ್‌ಗಿಂತ ಸಣ್ಣ ಕಡ್ಡಿಗಳನ್ನು ತೆಗೆದರೆ ಸಾಕು, ಬೇಸಿಗೆಯಲ್ಲಿ ಹೊಸ ಚಿಗುರಿನ ತುದಿಗೆ ಗೊಂಚಲು ಗೊಂಚಲು ಹೂವು. ಬೋಳು ಗಿಡಕ್ಕೆ ಧೈರ್ಯವಾಗಿ ಕತ್ತರಿ ಹಾಕಬಹುದು ಅನ್ನುವುದು ತಲೆಯಲ್ಲಿ ಕೂತುಬಿಟ್ಟಿತ್ತು.

ಆಮೇಲೆ ಮಡಿಕೇರಿ ಹತ್ತಿರ ಒಂದು ಎಸ್ಟೇಟ್ ಬಂಗಲೆಯಲ್ಲಿ ಕೆಲಸ ಸಿಕ್ಕಿತು. ಮೆಟ್ಟಿಲ ಪಕ್ಕದಲ್ಲಿ ಸಾಲಾಗಿ ಹೈಡ್ರೇಂಜಿಯಾ, ದೊಡ್ಡ ಗೊಂಚಲು ಹೂವಿನ ಪೊದೆಗಿಡ. ಜನವರಿಯಲ್ಲಿ ಮುಕ್ಕಾಲು ಎಲೆ ಉದುರಿತ್ತು. ಎಲ್ಲವನ್ನೂ ಮೊಣಕಾಲೆತ್ತರಕ್ಕೆ ಕತ್ತರಿಸಿದೆ. ಮೇ ತಿಂಗಳಿಗೆ ಹಚ್ಚ ಹಸಿರು ಪೊದೆ ಬಂತು, ಹೂವು ಒಂದೂ ಇಲ್ಲ. ಮನೆಯ ಅಮ್ಮ ಬಯ್ಯಲಿಲ್ಲ. "ನಮ್ಮತ್ತೆ ನೆಟ್ಟ ಗಿಡ ಅದು. ಒಂದು ವರ್ಷವೂ ಹೂ ತಪ್ಪಿಸಿರಲಿಲ್ಲಪ್ಪ" ಅಂದರು, ಅಷ್ಟೇ. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಮುಂದಿನ ಚಳಿಗಾಲದಲ್ಲಿ ಅಲ್ಲಿನ ಹಿರಿಯ ಮಾಲಿಯೊಬ್ಬರು ಕಡ್ಡಿಯ ತುದಿಯ ದಪ್ಪ ಮೊಗ್ಗೊಂದನ್ನು ಬ್ಲೇಡಿನಿಂದ ಸೀಳಿ ತೋರಿಸಿದರು. ಒಳಗೆ ಸಾಸಿವೆಗಿಂತ ಸಣ್ಣ ಕಾಳುಗಳ ಗೊಂಚಲು. ಬರುವ ಬೇಸಿಗೆಯ ಹೂವು ಆಗಲೇ ಅಲ್ಲಿ ಕೂತಿತ್ತು! ಕ್ರೇಪ್ ಮಿರ್ಟಲ್ ಈ ವರ್ಷದ ಚಿಗುರಿನಲ್ಲಿ ಹೂ ಬಿಡುತ್ತದೆ, ಈ ಹೈಡ್ರೇಂಜಿಯಾ ಹೋದ ವರ್ಷದ ಕಡ್ಡಿಯಲ್ಲಿ. ನಾನು ಕತ್ತರಿಸಿ ಎಸೆದದ್ದು ಒಂದಿಡೀ ವರ್ಷದ ಹೂವನ್ನು.

ಈಗ ಹೂವು ಬಾಡಿದ ಕೂಡಲೇ ಸವರುತ್ತೇನೆ, ತಡ ಮಾಡುವುದಿಲ್ಲ. ಬಾಡಿದ ಗೊಂಚಲಿನ ಕೆಳಗೆ ಮೊದಲ ದಪ್ಪ ಮೊಗ್ಗಿನ ಜೋಡಿ ಸಿಗುತ್ತದಲ್ವಾ, ಅದರ ಮೇಲೆ ಕತ್ತರಿ. ತೀರಾ ಹಳೆಯ, ತೊಗಟೆ ಸುಲಿದ ಕಡ್ಡಿಗಳಲ್ಲಿ ಮೂರಕ್ಕೊಂದನ್ನು ಬುಡದಿಂದಲೇ ತೆಗೆಯುತ್ತೇನೆ. ಗಾಳಿ, ಬೆಳಕು ಒಳಗೆ ಹೋಗಿ ಬುಡದಿಂದ ಹೊಸ ಕಡ್ಡಿ ಬರುತ್ತದೆ. ಸವರಿದ್ದರಲ್ಲಿ ಹೂ ಬಿಡದ ಎಳೆ ಕಡ್ಡಿ ಸಿಕ್ಕರೆ ಎಸೆಯಬೇಡಿ. ಎರಡು ಮೂರು ಗಿಣ್ಣು ಇಟ್ಟು ಮಳೆಗಾಲದಲ್ಲಿ ನೆರಳಿಗೆ ನೆಟ್ಟರೆ ಸುಲಭವಾಗಿ ಬೇರು ಬಿಡುತ್ತದೆ.

ಇನ್ನೊಂದು ಮಾತು. ನೀಲಿ ಹೂವು ಬೇಕೆಂದರೆ ಬುಡಕ್ಕೆ ಸುಣ್ಣ, ಬೂದಿ ಹಾಕಬೇಡಿ. ಹುಳಿ ಮಣ್ಣಿನಲ್ಲಿ ಮಾತ್ರ ನೀಲಿ ಬರುತ್ತದೆ, ಸುಣ್ಣ ಜಾಸ್ತಿಯಾದರೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ತೋಟದ ಕಾಫಿ ಗಿಡಗಳಿಗೆ ಸುಣ್ಣ ಹಾಕುವ ದಿನ ಆ ಸಾಲಿನ ಹತ್ತಿರ ನಾನೇ ನಿಂತಿರುತ್ತೇನೆ.

ಗಿಡಗಳು ಮತ್ತೆ ಹೂ ಬಿಟ್ಟ ವರ್ಷ ಅಮ್ಮ ಮೊದಲ ಗೊಂಚಲನ್ನು ಕೊಯ್ದು ಅತ್ತೆಯ ಫೋಟೋ ಮುಂದೆ ಇಟ್ಟರು.